ಡೈವಿಂಗ್‌ಗೆ ಲೋ ವಾಲ್ಯೂಮ್ ಮಾಸ್ಕ್ ತಗೊಂಡೆ, ನೀರು ಒಳಗೆ ಬರ್ತಿದೆ, ಕಣ್ಣೂ ಕೆಂಪಾಗಿದೆ, ತಪ್ಪು ಮಾಸ್ಕಿಂದಾ ನಂದಾ?

ಮುಳುಗುಮಾರಿ:
ಎಲ್ರಿಗೂ ನಮಸ್ಕಾರ, ಇಲ್ಲಿ ನಂದು ಮೊದಲ್ನೇ ಪೋಸ್ಟ್, ಉದ್ದ ಆಯ್ತು ಅಂತ ಬೈಬೇಡಿ. ಬೆಂಗಳೂರಲ್ಲಿರೋದು, ಒಂದು ವರ್ಷದಿಂದ ಪೂಲಲ್ಲಿ ಪ್ರಾಕ್ಟೀಸ್ ಮಾಡ್ತಿದೀನಿ, ಅಂಡಮಾನಿಗೆ ಹೋಗಿ ಫ್ರೀಡೈವಿಂಗ್ (ಸಿಲಿಂಡರ್ ಇಲ್ದೆ ಉಸಿರು ಹಿಡಿದು ಮುಳುಗೋದು) ಬಿಗಿನರ್ ಕೋರ್ಸೂ ಮುಗಿಸ್ಕೊಂಡು ಬಂದಿದೀನಿ. ಅಲ್ಲಿ ಅವ್ರು ಕೊಟ್ಟಿದ್ದ ಹಳೇ ಮಾಸ್ಕಲ್ಲಿ 12 ಮೀಟರ್ ಹೋಗಿ ಬಂದಿದ್ದೆ, ಒಂದು ಹನಿ ನೀರು ಬಂದಿರ್ಲಿಲ್ಲ. ಸ್ವಂತದ್ದು ಒಂದಿರ್ಲಿ ಅಂತ ಆನ್‌ಲೈನಲ್ಲಿ ಹುಡುಕಿ ಹುಡುಕಿ, ಇದ್ದಿದ್ರಲ್ಲೇ ವಾಲ್ಯೂಮ್ (ಗಾಜಿಗೂ ಮುಖಕ್ಕೂ ಮಧ್ಯೆ ಗಾಳಿ ಇರೋ ಜಾಗ) ಕಮ್ಮಿ ಇರೋದನ್ನ ತರಿಸ್ದೆ (ಕಂಪನಿ ಹೆಸ್ರು ಬೇಡ ಬಿಡಿ). ಬಾಕ್ಸ್ ಬಂದ ದಿನ ಸ್ಟ್ರಾಪ್ ಹಾಕ್ದೆ ಮುಖಕ್ಕಿಟ್ಟು ಮೂಗಲ್ಲಿ ಜೋರಾಗಿ ಉಸಿರು ಎಳ್ಕೊಂಡೆ, ಗಪ್ ಅಂತ ಅಂಟ್ಕೊಂತು, ತಲೆ ಅಲ್ಲಾಡ್ಸಿದ್ರೂ ಬೀಳ್ಲಿಲ್ಲ, ಸೂಪರ್ ಅನ್ಕೊಂಡೆ.

ಹೋದ ವಾರ ಮುರುಡೇಶ್ವರಕ್ಕೆ ಹೋಗಿ ಅಲ್ಲಿಂದ ಬೋಟಲ್ಲಿ ನೇತ್ರಾಣಿ ದ್ವೀಪ. ಮೊದಲ್ನೇ ಡೈವಿಂದಾನೇ ಮೂಗಿನ ಕೆಳಗಡೆಯಿಂದ ನೀರು. ಸ್ಟ್ರಾಪ್ ಟೈಟ್ ಮಾಡ್ದೆ, ಇನ್ನೂ ಜಾಸ್ತಿ ಆಯ್ತು, ಮತ್ತೆ ಟೈಟ್ ಮಾಡ್ದೆ, ಹುಬ್ಬಿನ ಮಧ್ಯೆ ಬಿದ್ದ ಗೆರೆ ರಾತ್ರಿ ಊಟದ ಹೊತ್ತಿಗೂ ಹೋಗಿರ್ಲಿಲ್ಲ. ಎರಡ್ನೇ ತೊಂದ್ರೆ, 8-9 ಮೀಟರಲ್ಲಿ ಯಾರೋ ಕಣ್ಣು ಹೊರಗಡೆ ಎಳ್ದಂಗೆ ಆಗೋದು, ಮೇಲೆ ಬಂದು ನೋಡ್ಕೊಂಡ್ರೆ ಎಡಗಣ್ಣಿನ ಬಿಳಿ ಭಾಗದಲ್ಲಿ ರಕ್ತದ ಕಲೆ. ಆಫೀಸಲ್ಲಿ ಎಲ್ರೂ ಮದ್ರಾಸ್ ಐ ಅಂತ ದೂರ ಕೂತಿದಾರೆ. ಮೂರ್ನೇ ತೊಂದ್ರೆ ಫಾಗ್, ಗಾಜು ಒಳಗಿಂದ ಮಂಜಾಗೋದು, ಅದು ಇರ್ಲಿ. ಪೀಸೇ ಡಿಫೆಕ್ಟಾ? ರಿಟರ್ನ್ ಮಾಡೋಕೆ ಇನ್ನು ನಾಲ್ಕು ದಿನ ಇದೆ.

ಎರಡನೇ_ಉಸಿರು:
ರಿಟರ್ನ್ ವಿಷ್ಯ ಆಮೇಲೆ, ಮೊದ್ಲು ಕಣ್ಣು. ನೋವಿದೆಯಾ? ನೋಟ ಮಂಜಾಗಿದೆಯಾ, ಬೆಳಕು ನೋಡಿದ್ರೆ ಚುಚ್ಚುತ್ತಾ? ಇದ್ರಲ್ಲಿ ಒಂದಿದ್ರೂ ಇಲ್ಲಿ ಓದ್ತಾ ಕೂರ್ಬೇಡಿ, ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಬರೀ ಕೆಂಪು ಅಷ್ಟೇ ಆದ್ರೆ ಅದು ಮಾಸ್ಕ್ ಸ್ಕ್ವೀಝ್ (ಒಳಗಿನ ಗಾಳಿ ಕುಗ್ಗಿ ಮಾಸ್ಕ್ ಕಣ್ಣನ್ನ ಹೀರೋದು), ನೋಡೋಕೆ ಭಯಂಕರ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗೇ ಕರಗುತ್ತೆ, ಅಲ್ಲೀವರೆಗೆ ಡೈವ್ ಬೇಡ.

ಇನ್ನು ನನ್ನ ಪ್ರಶ್ನೆಗಳು. ನೀರು ಬರೋದು ಯಾವಾಗ, ಮೇಲೆ ತೇಲ್ತಿರುವಾಗ್ಲೇನಾ, ಇಳೀವಾಗಾ, ಹತ್ತುವಾಗಾ? ಇಳೀವಾಗ ಮೂಗಿಂದ ಮಾಸ್ಕ್ ಒಳಗೆ ಗಾಳಿ ಬಿಡ್ತಿದ್ರಾ? ಬಾಯಲ್ಲಿ ಸ್ನಾರ್ಕಲ್ (ಉಸಿರಾಡೋ ನಳಿಗೆ) ಇತ್ತಾ? ಮೀಸೆ ಇದೆಯಾ?

ಮುಳುಗುಮಾರಿ:
ನೋವಿಲ್ಲ ಮೇಡಂ, ನೋಟಾನೂ ಸರಿಯಿದೆ. ಮೇಲೆ ಸ್ನಾರ್ಕಲಲ್ಲಿ ಉಸಿರಾಡ್ತಿರುವಾಗ್ಲೇ ಸ್ವಲ್ಪ ಸ್ವಲ್ಪ ಜಿನುಗ್ತಿತ್ತು, ಕೆಳಗೆ ಹೋದ್ಮೇಲೆ ಜಾಸ್ತಿ. ಸ್ನಾರ್ಕಲ್ ಬಾಯಲ್ಲೇ ಇತ್ತು, ಕೋರ್ಸಲ್ಲಿ ತೆಗೀಬೇಕು ಅಂದಿದ್ರು, ಮರ್ತೋಗಿತ್ತು. ಮೀಸೆ ಇದೆ, ದಪ್ಪಾನೇ. ಮೂಗಿಂದ ಗಾಳಿ ಬಿಡ್ಲಿಲ್ಲ, ಕಿವಿ ಮಾತ್ರ ಈಕ್ವಲೈಸ್ (ಗಾಳಿ ತುಂಬಿ ಒಳಗಿನ ಒತ್ತಡ ಹೊರಗಿನದಕ್ಕೆ ಸಮ ಮಾಡೋದು) ಮಾಡ್ತಿದ್ದೆ. ಲೋ ವಾಲ್ಯೂಮ್ ಅಂದ್ರೆ ಮಾಸ್ಕ್ ಈಕ್ವಲೈಸ್ ಮಾಡೋ ಗೋಜೇ ಇಲ್ಲ ಅಂತ ತಾನೆ? ಅದಕ್ಕೇ ಅಲ್ವಾ ದುಡ್ಡು ಕೊಟ್ಟಿದ್ದು.

ಬಂಗುಡೆ_ಫ್ರೈ:
ಎಂಥ ಮಾರಾಯ್ರೆ ನೀವು, ದುಡ್ಡು ಕೊಟ್ಟು ಕಣ್ಣು ಕೆಂಪು ಮಾಡಿಸ್ಕೊಂಡದ್ದಾ! ಬೇಜಾರು ಮಾಡ್ಬೇಡಿ, ನಾನೂ ಮೊದಲಿಗೆ ಅಪ್ಪಯ್ಯನ ಈಜುವ ಗಾಗಲ್ಸ್ ಹಾಕ್ಕೊಂಡು ಕಲ್ಲಿನ ಬುಡಕ್ಕೆ ಇಳಿದವನೇ. ಗಾಗಲ್ಸಲ್ಲಿ ಮೂಗು ಹೊರಗೆ ಅಲ್ವಾ, ಒಳಗೆ ಗಾಳಿ ಬಿಡ್ಲಿಕ್ಕೆ ದಾರಿಯೇ ಇಲ್ಲ, ಎರಡು ಕಣ್ಣೂ ಕೆಂಡದ ಹಾಗೆ ಆಗಿತ್ತು.

ಸ್ನಾರ್ಕಲ್ ವಿಷ್ಯ ಮಾತ್ರ ತಮಾಷೆ ಅಲ್ಲ. ಕೊನೇ ಉಸಿರು ಎಳ್ಕೊಂಡ ಕೂಡ್ಲೇ ಬಾಯಿಂದ ತೆಗೀರಿ. ಕೆಳಗೆ ಪ್ರಜ್ಞೆ ತಪ್ಪಿದ್ರೆ ಆ ನಳಿಗೆ ನೇರ ಗಂಟಲಿಗೆ ನೀರು ಬಿಡ್ತದೆ, ಬಾಯಿ ಮುಚ್ಚಿದ್ರೆ ಜೊತೆಗಿದ್ದವರಿಗೆ ಮೇಲೆ ತರ್ಲಿಕ್ಕೆ ಒಂದು ಅವಕಾಶ ಆದ್ರೂ ಇರ್ತದೆ. ಜೊತೆಗೆ ಒಬ್ರು ಇದ್ರು ತಾನೆ, ನೀವು ಇಳೀವಾಗ ಮೇಲಿಂದ ನೋಡ್ಲಿಕ್ಕೆ?

ಮುಳುಗುಮಾರಿ:
ಇದ್ದ ಅಣ್ಣ, ಕೋರ್ಸ್ ಮಾಡಿದ್ ಫ್ರೆಂಡೇ, ಒಬ್ರು ಕೆಳಗೆ ಒಬ್ರು ಮೇಲೆ. ಅದೊಂದು ಮಾತ್ರ ಸರಿಯಾಗ್ ಮಾಡಿದೀನಿ.

ಎರಡನೇ_ಉಸಿರು:
ನಿಮ್ಮ ಎರಡು ಕಂಪ್ಲೇಂಟೂ ಹತ್ತಿರದ ನೆಂಟ್ರು, ನೋಡಿ ಹೇಗೆ ಅಂತ. 10 ಮೀಟರಲ್ಲಿ ಒತ್ತಡ ಮೇಲಿಂದಕ್ಕಿಂತ ಡಬಲ್, ಅಂದ್ರೆ ಮಾಸ್ಕ್ ಒಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತೆ, 20ರಲ್ಲಿ ಮೂರನೇ ಒಂದು ಭಾಗ, 30ರಲ್ಲಿ ಕಾಲು. ಕುಗ್ಗಿದ ಜಾಗ ತುಂಬೋಕೆ ಏನೋ ಒಂದು ಬರ್ಲೇಬೇಕು. ಮೊದ್ಲು ಸಿಲಿಕೋನ್ ಸ್ಕರ್ಟ್ (ಮುಖಕ್ಕೆ ಕೂರೋ ಮೆತ್ತನೆ ಅಂಚು) ಮುಖದ ಕಡೆ ಬಾಗುತ್ತೆ, ಅದು ಬಾಗಿ ಮುಗಿದ್ಮೇಲೆ ಮಿಕ್ಕಿದ್ದು ನಿಮ್ಮ ಕಣ್ಣಿನ ಸಣ್ಣ ರಕ್ತನಾಳ ಮತ್ತೆ ಹೊರಗಿನ ನೀರು. ಮೀಸೆ ಕೂದಲ ಸಂದಿಯಲ್ಲಿ ಮೇಲೆ ಜಿನುಗ್ತಿದ್ದ ನೀರು ಕೆಳಗೆ ಹೋದಾಗ ಜಾಸ್ತಿ ಆಯ್ತು ಅಂದ್ರಲ್ಲ, ಮಾಸ್ಕೇ ಅದನ್ನ ಒಳಗೆ ಹೀರ್ಕೊಂಡಿದ್ದು.

ಲೋ ವಾಲ್ಯೂಮ್ ಅಂದ್ರೆ ಈಕ್ವಲೈಸ್ ಬೇಡ ಅಂತಲ್ಲ, ಕಮ್ಮಿ ಗಾಳಿ ಸಾಕು ಅಂತ ಅಷ್ಟೇ. ಲೆಕ್ಕ ಹಾಕೋಣ, ಉದಾಹರಣೆಗೆ ಒಂದು ಮಾಸ್ಕ್ 200 ಎಂಎಲ್, ಇನ್ನೊಂದು 100 ಎಂಎಲ್ ಅನ್ಕೊಳ್ಳಿ. 20 ಮೀಟರ್ ಹೋಗೋವಷ್ಟರಲ್ಲಿ ನೀರಿನ ಮೇಲಿದ್ದಾಗಿನ ಗಾಳಿ ಲೆಕ್ಕದಲ್ಲಿ ದೊಡ್ಡದಕ್ಕೆ 400 ಎಂಎಲ್ ಸುರೀಬೇಕು, ಚಿಕ್ಕದಕ್ಕೆ 200. ನೀವು ಹೋಗ್ತಿರೋ 9-10 ಮೀಟರಿಗೆ ಆ ವ್ಯತ್ಯಾಸ ಬರೀ 100 ಎಂಎಲ್, ಅಷ್ಟು ಗಾಳಿ ಎದೆಯಲ್ಲಿ ಧಾರಾಳ ಇರುತ್ತೆ. 25-30 ದಾಟಿ ಕೆಳಗೆ ಹೋಗೋರಿಗೆ ಶ್ವಾಸಕೋಶದಿಂದ ಬಾಯಿಗೆ ಗಾಳಿ ತರೋದೇ ಕಷ್ಟ ಆಗೋದ್ರಿಂದ ಪ್ರತಿ ಎಂಎಲ್ಲೂ ಲೆಕ್ಕಕ್ಕೆ ಬರುತ್ತೆ. ನಿಮ್ಗೆ ಈಗ ಬೇಕಾಗಿರೋದು ಮುಖಕ್ಕೆ ಕೂರೋ ಮಾಸ್ಕ್, ಬಾಕ್ಸ್ ಮೇಲಿನ ಚಿಕ್ಕ ನಂಬರಲ್ಲ.

ಇನ್ನೊಂದು, ಇದು ತುಂಬಾ ಜನಕ್ಕೆ ಗೊಂದಲ. ಕಿವಿಗೆ ಮೂಗು ಹಿಡೀತೀವಿ, ಮಾಸ್ಕಿಗೆ ಮೂಗು ಬಿಡ್ತೀವಿ. ಹಿಡ್ಕೊಂಡೇ ಇದ್ರೆ ಮಾಸ್ಕಿಗೆ ಗಾಳಿ ಹೋಗಲ್ಲ. ಕಿವಿ ಆದ್ಮೇಲೆ ಬೆರಳು ಸಡಿಲ ಮಾಡಿ ಮೂಗಿಂದ ಒಂಚೂರು, ಕನ್ನಡಕಕ್ಕೆ ಹಬೆ ಊದ್ತೀವಲ್ಲ ಅದಕ್ಕಿಂತ ಮೆತ್ತಗೆ. ಪಕ್ಕದಿಂದ ಗುಳ್ಳೆ ಹೋದ್ರೆ ಜಾಸ್ತಿ ಬಿಟ್ರಿ ಅಂತ ಅರ್ಥ, ಸ್ಕರ್ಟ್ ಎದ್ದ ಆ ಕ್ಷಣದಲ್ಲಿ ನೀರೂ ನುಗ್ಗುತ್ತೆ.

ಚಷ್ಮಿಶ್_ಮೈಸೂರು:
ಮಧ್ಯೆ ಬಾಯಿ ಹಾಕ್ತೀನಿ ಸಾರಿ. ನಂದು ಮೈನಸ್ 4. ಫ್ರೇಮ್‌ಲೆಸ್ ಸಿಂಗಲ್ ಗಾಜಿನ ಮಾಸ್ಕ್ ತಗೋಬೇಕು ಅಂತಿದ್ದೆ, ಮುಖಕ್ಕೆ ಹತ್ರ ಕೂರುತ್ತೆ ಅಂತ ಯಾರೋ ಹೇಳಿದ್ರು. ಪವರ್ ಹಾಕಿಸ್ಬೋದಾ?

ಎರಡನೇ_ಉಸಿರು:
ಚಷ್ಮಿಶ್, ಎರಡು ಗಾಜು ಬೇರೆ ಬೇರೆ ಇರೋ ಮಾಡೆಲ್‌ಗಳಲ್ಲಿ ಕೆಲವಕ್ಕೆ ರೆಡಿ ಪವರ್ ಲೆನ್ಸ್ ಸಿಗುತ್ತೆ, ತಗೊಳ್ಳೋ ಮುಂಚೆ ಆ ಮಾಡೆಲ್ಲಿಗೆ ಉಂಟಾ ಅಂತ ಕೇಳಿ. ಸಿಂಗಲ್ ಗಾಜಲ್ಲಿ ಹಾಗೆ ಬದಲಾಯ್ಸೋಕಾಗಲ್ಲ. ಆಕ್ವಾಲಂಗ್ ಸ್ಫೆರಾ ಥರ ಬಾಗಿದ ಪ್ಲಾಸ್ಟಿಕ್ ಲೆನ್ಸ್ ಇರೋದ್ರಲ್ಲೂ ಆಗಲ್ಲ, ಅದ್ರಲ್ಲಿ ಪಕ್ಕದ ನೋಟ ಚೆನ್ನಾಗಿದೆ, ಗೀರು ಮಾತ್ರ ಬೇಗ ಬೀಳುತ್ತೆ. ಫ್ರೇಮ್ ಇಲ್ಲ ಅಂದ ಮಾತ್ರಕ್ಕೆ ಲೋ ವಾಲ್ಯೂಮ್ ಅಂತಾನೂ ಅಲ್ಲ. ಇನ್ನೂ ಜಾಸ್ತಿ ಬೇಕಿದ್ರೆ ಬೇರೆ ಥ್ರೆಡ್ ಮಾಡಿ, ಪಾಪ ಇವ್ರ ರಿಟರ್ನ್ ಡೇಟ್ ಓಡ್ತಿದೆ.

ಬಂಗುಡೆ_ಫ್ರೈ:
ಹೌದು, ಫಿಟ್ ನೋಡುವ ಬಗ್ಗೆ ನಾನು ಹೇಳ್ತೇನೆ. ಜೋರು ಉಸಿರು ಎಳೆದು ಅಂಟಿಸುವ ಟೆಸ್ಟ್ ಉಂಟಲ್ಲ, ಅದಕ್ಕೆ ಸೋಲುವ ಮಾಸ್ಕ್ ಸಿಗುವುದೇ ಕಷ್ಟ, ಅಷ್ಟು ಎಳೆದ್ರೆ ಸ್ಟೀಲ್ ಲೋಟಾನೂ ಬಾಯಿಗೆ ಅಂಟ್ಕೊಳ್ತದೆ. ಹೀಗೆ ಮಾಡಿ: ತಲೆ ಹಿಂದಕ್ಕೆ ಹಾಕಿ ಮುಖ ಛಾವಣಿ ಕಡೆ ಮಾಡಿ, ಮಾಸ್ಕನ್ನ ಮುಖದ ಮೇಲೆ ಸುಮ್ನೆ ಇಡಿ, ಒತ್ಬೇಡಿ, ಎಳೀಬೇಡಿ. ಮನೆಯಲ್ಲಿ ಯಾರಾದ್ರೂ ಟಾರ್ಚ್ ಹಿಡಿದು ಸುತ್ತ ನೋಡ್ಲಿ, ಎಲ್ಲಿ ಸಿಲಿಕೋನ್ ಚರ್ಮಕ್ಕೆ ಮುಟ್ಟಿಲ್ಲ ಅಂತ. ಕಣ್ಣಿನ ಹೊರಗಿನ ಮೂಲೆ ಹತ್ರ, ಮೂಗಿನ ಎರಡೂ ಪಕ್ಕ, ಹುಬ್ಬಿನ ಮಧ್ಯೆ, ಈ ಮೂರು ಕಡೆ ಚೆನ್ನಾಗಿ ನೋಡ್ಬೇಕು. ಆಮೇಲೆ ತುಂಬಾ ಮೆತ್ತಗೆ ಮೂಗಲ್ಲಿ ಎಳೀರಿ, ತಾನಾಗಿ ಕೂತು ಹಾಗೇ ನಿಂತ್ರೆ ಒಳ್ಳೇದು. ಮತ್ತೆ ಸ್ನಾರ್ಕಲ್ ಬಾಯಲ್ಲಿಟ್ಟು ಇನ್ನೊಮ್ಮೆ, ಯಾಕಂದ್ರೆ ಬಾಯಿ ಆಕಾರ ಬದಲಾದ್ರೆ ಮೇಲ್ತುಟಿ ಮೇಲಿನ ಚರ್ಮಾನೂ ಎಳೀತದೆ. ಕೆನ್ನೆ ಉಬ್ಬಿಸಿಯೂ ನೋಡಿ, ಈಕ್ವಲೈಸ್ ಮಾಡುವಾಗ ಕೆನ್ನೆ ಉಬ್ಬುವ ಅಭ್ಯಾಸ ಇದ್ರೆ ಅಲ್ಲೇ ಸ್ಕರ್ಟ್ ಏಳ್ತದೆ. ಮಾಸ್ಕ್ ಮೇಲಿಂದ್ಲೇ ಮೂಗಿನ ಎರಡೂ ಹೊಳ್ಳೆ ಪೂರ್ತಿ ಮುಚ್ಚುವ ಹಾಗೆ ಹಿಡಿಯಲಿಕ್ಕೆ ಆಗ್ಬೇಕು, ಮೂಗಿನ ತುದಿ ಒಳಗೆ ಎಲ್ಲೂ ಒತ್ಬಾರ್ದು. ರೆಪ್ಪೆ ಕೂದಲು ಗಾಜಿಗೆ ತಾಗ್ತದಾ ಅಂತ್ಲೂ ನೋಡಿ.

ಸ್ಟ್ರಾಪ್ ತಲೆ ಹಿಂದೆ ಉಬ್ಬಿದ ಭಾಗದ ಮೇಲೆ ಇರ್ಬೇಕು, ಕುತ್ತಿಗೆ ಹತ್ರ ಇಳಿದ್ರೆ ಮಾಸ್ಕಿನ ಕೆಳಗಿನ ಅಂಚು ಮೂಗನ್ನ ಒತ್ತಿ ಮೇಲೆ ಸಡಿಲ ಆಗ್ತದೆ. ಎರಡು ಬೆರಳು ಆರಾಮ ತೂರುವಷ್ಟು ಸಡಿಲ ಸಾಕು.

ಮತ್ತೆ, ಕೇಳ್ಲೇಬೇಕು, ಬೆಳಿಗ್ಗೆ ತಲೆಗೆ ಎಣ್ಣೆ ಹಾಕಿದ್ರಾ?

ಮುಳುಗುಮಾರಿ:
ಎಣ್ಣೆ ಇಲ್ಲ ಅಣ್ಣ, ಸನ್‌ಸ್ಕ್ರೀನ್ ಮುಖ ತುಂಬಾ ಬಳ್ಕೊಂಡಿದ್ದೆ 🙈

ಬಂಗುಡೆ_ಫ್ರೈ:
ಅದೂ ಎಣ್ಣೆಯ ತಮ್ಮನೇ. ಸ್ಕರ್ಟ್ ಕೂರುವ ಜಾಗದಲ್ಲಿ ಹಚ್ಬೇಡಿ, ಜಾರ್ತದೆ, ಗಾಜಿಗೂ ಅಂಟಿ ಮಂಜು ಹಿಡೀತದೆ.

ಮುಳುಗುಮಾರಿ:
ಮನೇಲಿ ಟೆಸ್ಟ್ ಮಾಡ್ದೆ, ತಂಗಿ ಟಾರ್ಚ್ ಹಿಡಿದ್ಲು, ಅಮ್ಮ ಯಾವ್ದೋ ಆಪರೇಷನ್ ನಡೀತಿದೆ ಅನ್ಕೊಂಡ್ರು. ರಿಸಲ್ಟ್: ಹುಬ್ಬಿನ ಮಧ್ಯೆ ಫ್ರೇಮೇ ಮೂಳೆಗೆ ತಾಗ್ತಿದೆ, ಸಿಲಿಕೋನ್ ಅಲ್ಲ, ಗಟ್ಟಿ ಪ್ಲಾಸ್ಟಿಕ್. ಮೂಗಿನ ಎರಡೂ ಪಕ್ಕ ಕೆಳಗಡೆ ಒಂದು ಎಟಿಎಂ ಕಾರ್ಡ್ ತೂರೋವಷ್ಟು ಗ್ಯಾಪ್. ಒತ್ತಿದ್ರೆ ಮುಚ್ಚುತ್ತೆ, ಬಿಟ್ರೆ ತೆರೆಯುತ್ತೆ.

ಎರಡನೇ_ಉಸಿರು:
ಸಿಕ್ತಲ್ಲ ಕಳ್ಳ. ಲೋ ವಾಲ್ಯೂಮ್ ಮಾಸ್ಕಲ್ಲಿ ಗಾಜು ಮುಖಕ್ಕೆ ಹತ್ರ ಇರೋದ್ರಿಂದ, ಹುಬ್ಬಿನ ಮೂಳೆ ಸ್ವಲ್ಪ ಮುಂದಿರೋರಿಗೆ ಫ್ರೇಮೇ ಮೊದ್ಲು ತಾಗುತ್ತೆ. ಆಮೇಲೆ ಸ್ಟ್ರಾಪ್ ಎಷ್ಟು ಎಳೀತೀರೋ ಆ ಬಿಂದು ಮೇಲೆ ಮಾಸ್ಕ್ ಏತದ ಥರ ತಿರುಗಿ ಕೆಳಗಿನ ಅಂಚು ಏಳುತ್ತೆ. ನೀವು ಟೈಟ್ ಮಾಡ್ದಷ್ಟೂ ನೀರು ಜಾಸ್ತಿ ಬಂದಿದ್ದು ಅದಕ್ಕೇ. ಸ್ಕ್ವೀಝ್ ಬೇಗ ಆಗಿದ್ದಕ್ಕೂ ಇದೂ ಒಂದು ಕಾರಣ, ಸ್ಕರ್ಟಿಗೆ ಬಾಗೋಕೆ ಜಾಗಾನೇ ಉಳಿದಿರ್ಲಿಲ್ಲ.

ಮಾಸ್ಕಲ್ಲಿ ಡಿಫೆಕ್ಟ್ ಇಲ್ಲ, ನಿಮ್ಮ ಮುಖದ್ದಲ್ಲ ಅಷ್ಟೇ. ಇನ್ನೊಂದು ತಗೊಳ್ಳೋ ಮುಂಚೆ ಪೂಲಲ್ಲಿ ಜೊತೆಗಿರೋರ ಮಾಸ್ಕ್‌ಗಳನ್ನ ಒಂದೊಂದೇ ಮುಖಕ್ಕಿಟ್ಟು ನೋಡಿ, ಕ್ರೆಸ್ಸಿ ನ್ಯಾನೋ, ಕ್ರೆಸ್ಸಿ ಕ್ಯಾಲಿಬ್ರೋ, ಮಾರೆಸ್ ವೈಪರ್, ಓಮರ್ ಏಲಿಯನ್, ಯಾರ ಹತ್ರ ಏನಿದ್ರೂ. ನಂಗೆ ಚೆನ್ನಾಗ್ ಕೂರೋದನ್ನ ಇಲ್ಲಿ ಹೇಳಲ್ಲ, ಹೇಳಿದ್ರೆ ಅದನ್ನೇ ಆರ್ಡರ್ ಮಾಡ್ತೀರ. ಮೀಸೆ ಪೂರ್ತಿ ತೆಗೀಬೇಕಾಗಿಲ್ಲ, ಮೂಗಿನ ಕೆಳಗೆ ಸ್ಕರ್ಟ್ ಕೂರೋ ಪಟ್ಟಿಯಷ್ಟು ಟ್ರಿಮ್ ಮಾಡಿ ನೋಡಿ, ಅದೂ ಸಾಲ್ದಿದ್ರೆ ಅಲ್ಲಿ ಸಿಲಿಕೋನ್ ಗ್ರೀಸ್ ಚೂರು. ವ್ಯಾಸಲೀನ್ ಬೇಡ, ಪೆಟ್ರೋಲಿಯಂ ಜಿಡ್ಡು ಸ್ಕರ್ಟಿಗೆ ಒಳ್ಳೇದಲ್ಲ.

ಫಾಗ್: ಹೊಸ ಗಾಜಿನ ಮೇಲೆ ಫ್ಯಾಕ್ಟರಿಯ ಸಿಲಿಕೋನ್ ಪದರ ಇರುತ್ತೆ, ಬಿಳಿ ಟೂತ್‌ಪೇಸ್ಟ್ ಹಾಕಿ ಬೆರಳಲ್ಲಿ ಉಜ್ಜಿ ತೊಳೀರಿ, ನಾಲ್ಕೈದು ಸಲ. ಗಾಜಾದ್ರೆ ಮಾತ್ರ, ಪ್ಲಾಸ್ಟಿಕ್ ಲೆನ್ಸಿಗೆ ಗೀರು ಬೀಳುತ್ತೆ. ಆಮೇಲೆ ಪ್ರತಿ ಡೈವಿಗೆ ಬೇಬಿ ಶಾಂಪೂ ಒಂದು ಹನಿ, ಇಲ್ಲಾಂದ್ರೆ ಉಗುಳು.

ಮುಳುಗುಮಾರಿ:
ಮೂರು ವಾರ ಆದ್ಮೇಲೆ ಅಪ್‌ಡೇಟ್, ಥ್ರೆಡ್ ಅರ್ಧಕ್ಕೆ ಬಿಟ್ಟು ಓಡಿಹೋಗೋ ಜಾತಿ ನಂದಲ್ಲ. ಕಣ್ಣಿನ ಕೆಂಪು ಹಳದಿಯಾಗಿ ಹನ್ನೆರಡನೇ ದಿನಕ್ಕೆ ಪೂರ್ತಿ ಹೋಯ್ತು. ಪೂಲಲ್ಲಿ ಐದು ಜನರ ಮಾಸ್ಕ್ ಹಾಕಿ ನೋಡ್ದೆ, ಮೂರು ಹುಬ್ಬಿಗೆ ತಾಗ್ತಿದ್ವು, ಒಂದ್ರಲ್ಲಿ ಮೂಗು ಹಿಡಿಯೋಕೆ ಆಗ್ಲಿಲ್ಲ, ಐದ್ನೇದು ತಲೆ ಹಿಂದಕ್ಕೆ ಹಾಕಿ ಇಟ್ಟ ತಕ್ಷಣ ಬೆಣ್ಣೆ ಥರ ಕೂತ್ಕೊಂತು. ಅದು ನಾನು ತಗೊಂಡಿದ್ದಕ್ಕಿಂತ ಸ್ವಲ್ಪ ದೊಡ್ಡದೇ, ಅದೇ ತರಿಸ್ದೆ. ಮೀಸೆ ಟ್ರಿಮ್ ಮಾಡ್ದೆ, ಸ್ಟ್ರಾಪ್ ಲೂಸ್ ಬಿಟ್ಟೆ. ಡೈವಿಂಗ್ ಪೂಲಿನ ಆಳದ ತುದಿಯಲ್ಲಿ ಇಳಿದು ಕಿವಿಗೆ ಹಿಡಿ, ಮಾಸ್ಕಿಗೆ ಬಿಡಿ ಅಂತ ಮನಸ್ಸಲ್ಲೇ ಹೇಳ್ಕೊಂಡು ಇಪ್ಪತ್ತು ಸಲ ಮಾಡಿದೀನಿ, ಮೊದಮೊದ್ಲು ಗುಳ್ಳೆ ಹೋಗ್ತಿತ್ತು, ಈಗಿಲ್ಲ, ಒಳಗೆ ಒಣಗಿದೆ. ಸಮುದ್ರದಲ್ಲಿ ನೋಡೋದು ಬಾಕಿ.

ಹಳೇ ಮಾಸ್ಕ್ ರಿಟರ್ನ್ ಮಾಡ್ಲಿಲ್ಲ. ಟಾರ್ಚ್ ಹಿಡಿದಿದ್ಲಲ್ಲ ತಂಗಿ, ಅವಳ ಮುಖಕ್ಕೆ ಸುಮ್ನೆ ಇಟ್ಟು ನೋಡಿದ್ರೆ ಎಲ್ಲೂ ಗ್ಯಾಪೇ ಇಲ್ಲ. ಈಗ ಅವಳಿಗೂ ಈಜು ಕ್ಲಾಸಿಗೆ ಫೀಸ್ ಕಟ್ಬೇಕಂತೆ.

ಬಂಗುಡೆ_ಫ್ರೈ:
ಕಟ್ಟಿ ಮಾರಾಯ್ರೆ. ನಿಮಗೂ ಮೇಲಿಂದ ನೋಡ್ಲಿಕ್ಕೆ ಇನ್ನೊಬ್ರು ಆಗ್ತಾರೆ.