ಬಾಯಿ ಇರುವ ಸರಕು

"ನಿನ್ನ ಕೆಲಸ ಏನು ಅಂತ ಒಂದೇ ಮಾತಿನಲ್ಲಿ ಹೇಳು ನೋಡೋಣ" ಎಂದರು ಮೇಷ್ಟ್ರು.

"ಬೇರೆಯವರಿಗೆ ಕೆಲಸ ಕೊಡಿಸೋದು."

"ಓಹೋ, ದೊಡ್ಡ ಮನುಷ್ಯನಾಗಿಬಿಟ್ಟೆ!"

ಎಲ್ಲಿಯ ದೊಡ್ಡ ಮನುಷ್ಯ! ಸ್ಟಾಫಿಂಗ್ ಏಜೆನ್ಸಿಯಲ್ಲಿ ತೀರಾ ಕೆಳಗಿನ ಮೆಟ್ಟಿಲಿನ ರಿಕ್ರೂಟರ್ ನಾನು. ಸೇರಿ ಆರು ತಿಂಗಳಾಯಿತು. ಕಂಪನಿಯವರು ಎಂಥವರು ಬೇಕು ಎಂದು ಒಂದು ಜೆಡಿ, ಅಂದರೆ ಜಾಬ್ ಡಿಸ್ಕ್ರಿಪ್ಷನ್, ಕಳಿಸುತ್ತಾರೆ. ಅಂಥವರನ್ನು ಹುಡುಕಿ, ಫೋನ್ ಮಾಡಿ, ಒಪ್ಪಿಸಿ, ರೆಸ್ಯೂಮೆ ಕಳಿಸಬೇಕು. ಸಂಜೆ ಬಾಸ್ ಕೇಳುವುದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಸಬ್ಮಿಷನ್?"

"ಅಂದ್ರೆ ನಾನು ಕೆಲಸದಲ್ಲಿ ಮುಳುಗಿರುವಾಗಲೇ ಫೋನ್ ಮಾಡೋ ಪೈಕಿ ನೀನು" ಎಂದ ಕೋಡು. ಕೋಡಿಂಗ್ ಮಾಡುತ್ತಾನೆ, ಅದಕ್ಕೆ ಆ ಹೆಸರು. ತಲೆ ಮೇಲೆ ಎರಡು ಇವೆ ಎಂದು ಅವನಿಗೂ ನಂಬಿಕೆ. "ಗೊತ್ತಿಲ್ಲದ ನಂಬರ್ ನಾನು ಎತ್ತೋದೇ ಇಲ್ಲ. ಒಂದ್ಸಲ ಎತ್ತಿ ಕೆಟ್ಟೆ. ಜಾವಾಸ್ಕ್ರಿಪ್ಟ್ ಕೆಲಸ ಇದೆ, ನಿಮಗೆ ಜಾವಾ ಬರುತ್ತಲ್ಲ, ಎರಡೂ ಒಂದೇ ಅಲ್ವಾ ಅಂದ ಪುಣ್ಯಾತ್ಮ."

ನಾನು ಕಿಟಕಿಯ ಕಡೆ ನೋಡಿದೆ. ಮೊದಲ ವಾರ ನಾನೂ ಅದನ್ನೇ ಮಾಡಿದ್ದೆ. ನನ್ನದೊಬ್ಬನದೇ ತಪ್ಪಲ್ಲ. ಎರಡೂ ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳು, ಹೊರಬಂದಿದ್ದು ಮಾತ್ರ ಒಂದೇ ವರ್ಷ, 1995ರಲ್ಲಿ. ಆಗ ಜಾವಾ ಹೆಸರು ಜೋರಾಗಿ ಓಡುತ್ತಿತ್ತು. ಲೈವ್‌ಸ್ಕ್ರಿಪ್ಟ್ ಎಂದಿದ್ದ ಇನ್ನೊಂದು ಭಾಷೆಗೂ ಆ ಹೆಸರನ್ನೇ ಅಂಟಿಸಿದರು. ಅವರು ಅಂಟಿಸಿದ್ದಕ್ಕೆ ಇಷ್ಟು ವರ್ಷದ ಮೇಲೆ ನಾನು ಬೈಸಿಕೊಂಡೆ.

"ಜೆಡಿ ಬರೆಯೋರೂ ನಿನ್ನ ಅಣ್ಣತಮ್ಮಂದಿರೇ" ಎಂದು ಕೋಡು ಬಿಡಲಿಲ್ಲ. "ಫಾಸ್ಟ್‌ಎಪಿಐ ಅನ್ನೋ ಪ್ರೋಗ್ರಾಮಿಂಗ್ ಟೂಲ್ ಮಾಡಿದವನೇ 2020ರಲ್ಲಿ ಬರೆದುಕೊಂಡಿದ್ದ. ಒಂದು ಕೆಲಸಕ್ಕೆ ಫಾಸ್ಟ್‌ಎಪಿಐನಲ್ಲಿ ನಾಲ್ಕು ವರ್ಷದ ಅನುಭವ ಬೇಕಂತೆ. ಅವನು ಅದನ್ನ ಮಾಡಿಯೇ ಒಂದೂವರೆ ವರ್ಷ ಆಗಿತ್ತು!"

"ಜನರನ್ನ ಹುಡುಕೋದು ಹೇಗೆ?" ಮೇಷ್ಟ್ರಿಗೆ ನಿಜವಾಗಿ ಕುತೂಹಲ.

"ಬೂಲಿಯನ್ ಸರ್ಚ್ ಅಂತ ಇದೆ. ಆ್ಯಂಡ್, ಆರ್, ನಾಟ್ ಹಾಕಿ..."

ಮೇಷ್ಟ್ರು ಗಣಿತ ಹೇಳಿಕೊಡುವವರು. ನೆಟ್ಟಗೆ ಕೂತರು. "ಜಾರ್ಜ್ ಬೂಲ್! 19ನೇ ಶತಮಾನದಲ್ಲಿ ತರ್ಕವನ್ನೇ ಬೀಜಗಣಿತಕ್ಕೆ ಇಳಿಸಿದವನು. ಅವನ ಹೆಸರಲ್ಲಿ ನೀನೇನು ಮಾಡ್ತಿದ್ದೀಯ?"

ಮಾಡಿದ್ದನ್ನು ಹೇಳಿದೆ. ಮ್ಯಾನೇಜರ್ ಬೇಕಿತ್ತು. ಅಸಿಸ್ಟೆಂಟ್‌ಗಳು ಬಂದು ತುಂಬದಿರಲಿ ಎಂದು 'ನಾಟ್ ಅಸಿಸ್ಟೆಂಟ್' ಹಾಕಿದೆ, ಅಂದರೆ ಆ ಪದ ಇರುವ ರೆಸ್ಯೂಮೆಯೇ ಬೇಡ ಎಂದು. ಮೊದಲು ಅಸಿಸ್ಟೆಂಟ್ ಆಗಿದ್ದೆ, ಆಮೇಲೆ ಮ್ಯಾನೇಜರ್ ಆದೆ ಎಂದು ಬರೆದವರೆಲ್ಲ ಉದುರಿಹೋದರು. ಕೈಯಲ್ಲಿ ಉಳಿದವರು ಹುಟ್ಟುತ್ತಲೇ ಮ್ಯಾನೇಜರ್ ಆದವರು. ಅವರನ್ನೇ ಕಳಿಸಿದೆ. ಆ ಕಡೆಯಿಂದ ಬಂದ ಉತ್ತರವನ್ನು ಮೇಷ್ಟ್ರ ಮುಂದೆ ಹೇಳಲಾರೆ.

ಇಷ್ಟು ಹೊತ್ತು ಸುಮ್ಮನಿದ್ದ ಅಕ್ಕ ಈಗ ಬಾಯಿಬಿಟ್ಟರು. ಅವರು ಅಕೌಂಟ್ಸ್‌ನವರು. "ಅದೆಲ್ಲ ಇರಲಿ. ದುಡ್ಡು ಯಾರು ಕೊಡ್ತಾರೆ?"

"ಕಂಪನಿಯವರು. ಸೇರಿದವರ ಒಂದು ವರ್ಷದ ಸಂಬಳದಲ್ಲಿ ಇಷ್ಟು ಪರ್ಸೆಂಟ್ ಅಂತ. ಸೇರಿದ ಮೇಲೆ ಮಾತ್ರ."

"ನೂರು ಜನಕ್ಕೆ ಫೋನ್ ಮಾಡಿ ಒಬ್ಬ ಸೇರಿದ ಅಂತಿಟ್ಟುಕೋ. ಮಿಕ್ಕ 99 ಫೋನು?"

"ಧರ್ಮಕ್ಕೆ."

"ಆ ಒಬ್ಬ ಸೇರಿ ಬಿಟ್ಟುಹೋದರೆ?"

"ನಮ್ಮಲ್ಲಿ 90 ದಿನದ ಗ್ಯಾರಂಟಿ ಇದೆ. ಅಷ್ಟರೊಳಗೆ ಬಿಟ್ಟರೆ ಇನ್ನೊಬ್ಬರನ್ನ ಕೊಡಬೇಕು, ಇಲ್ಲಾ ದುಡ್ಡು ವಾಪಸ್."

"ಮಿಕ್ಸಿಗೆ ಕೊಟ್ಟ ಹಾಗೆ" ಎಂದ ಕೋಡು.

"ಮಿಕ್ಸಿಯಾದರೆ ಪರವಾಗಿಲ್ಲ ಕಣೋ. ಮನಸ್ಸು ಬದಲಾಯಿತು ಅಂತ ಮಿಕ್ಸಿ ಮೆಸೇಜ್ ಮಾಡಲ್ಲ. ನನ್ನ ಸರಕಿಗೆ ಬಾಯಿ ಇದೆ."

ಆ ಬಾಯಿಯಿಂದ ಏನೇನು ಕೇಳಿದ್ದೇನೆ! ಇಂಟರ್‌ವ್ಯೂಗೆ ಹತ್ತು ನಿಮಿಷ ಇರುವಾಗ ಒಬ್ಬ ಫೋನ್ ಮಾಡಿ "ಕರೆಂಟಿಲ್ಲ ಸಾರ್, ವೈಫೈ ಸತ್ತಿದೆ" ಎಂದ. ಹಿಂದೆ ಟಿವಿಯಲ್ಲಿ ಮ್ಯಾಚ್ ಕಾಮೆಂಟರಿ ಬರುತ್ತಿತ್ತು. ಇನ್ನೊಬ್ಬನಿಗೆ ಮೂರು ವಾರ ಓಡಾಡಿ ಆಫರ್ ಲೆಟರ್ ಕೊಡಿಸಿದೆ. ಅದನ್ನು ಹಿಡಿದು ಹಳೇ ಬಾಸ್ ಮುಂದೆ ನಿಂತ. ಅಲ್ಲೇ ಸಂಬಳ ಏರಿಸಿದರು. ನನಗೆ "ನಿಮ್ಮ ಸಹಾಯ ಮರೆಯಲ್ಲ" ಎಂದು ಮೆಸೇಜ್ ಬಂತು, ಮುಗಿದ ಕೈಗಳು ಮೂರು ಜೊತೆ.

ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ತಣ್ಣಗೆ ಕೇಳಿದರು. "ನೀವೇನು ಕಮ್ಮಿ? ನನ್ನ ತಮ್ಮನಿಗೆ ಇಂಟರ್‌ವ್ಯೂ ಮಾಡಿಸಿದರು. ಆಯ್ತೋ ಇಲ್ವೋ ಅಂತ ಇವತ್ತಿಗೂ ಹೇಳಿಲ್ಲ. ಫೋನ್ ಮಾಡಿದರೆ ರಿವ್ಯೂನಲ್ಲಿದೆ ಅಂತಾರೆ."

ನನಗೆ ಉತ್ತರ ಹೊಳೆಯಲಿಲ್ಲ. ಆ ರಿವ್ಯೂ ನನಗೆ ಚೆನ್ನಾಗಿ ಗೊತ್ತು. ಕಂಪನಿಯವರು ನನಗೇನೂ ಹೇಳಿಲ್ಲ, ನಾನು ಮೂರು ಸಲ ಕೇಳಿ ಸುಮ್ಮನಾಗಿದ್ದೇನೆ ಎಂದರ್ಥ. ಕೆಲವು ಸಲ ಆ ಜಾಗವೇ ಹೋಲ್ಡ್ ಆಗಿರುತ್ತದೆ. ಅದನ್ನು ಹೇಳಿಬಿಡಬಹುದು. ಆದರೆ ಇಲ್ಲ ಎನ್ನುವ ಫೋನ್ ಸಬ್ಮಿಷನ್ ಲೆಕ್ಕಕ್ಕೆ ಬರುವುದಿಲ್ಲವಲ್ಲ, ನಾಳೆ ಮಾಡೋಣ ಎಂದು ಉಳಿದುಬಿಡುತ್ತದೆ. ಇದನ್ನು ಅಕ್ಕನಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

"ಪಾಪ, ಬಿಡಿ" ಎಂದು ಮೇಷ್ಟ್ರು ನನ್ನ ಪರ ನಿಂತರು. "ಆರು ತಿಂಗಳಲ್ಲಿ ಒಬ್ಬರನ್ನಾದರೂ ಸೇರಿಸಿದ್ದೀಯ ತಾನೇ?"

"ಮೂವರು. ಇಬ್ಬರದು 90 ದಿನ ದಾಟಿದೆ. ಮೂರನೆಯವನಿಗೆ ಇವತ್ತು 88. ಇನ್ನೆರಡು ದಿನ ಅವನಿಗೂ ಅವನ ಮ್ಯಾನೇಜರ್‌ಗೂ ಜಗಳ ಆಗದಿದ್ದರೆ ಸಾಕು."

"ಹುಟ್ಟುತ್ತಲೇ ಮ್ಯಾನೇಜರ್ ಆದವರು ಯಾರಾದರೂ ಇದ್ದಾರಾ ಅಲ್ಲಿ?" ಎಂದ ಕೋಡು.

ಅಷ್ಟರಲ್ಲಿ ಟೇಬಲ್ ಮೇಲಿದ್ದ ನನ್ನ ಫೋನ್ ಗುರ್ರೆಂದಿತು. ಅವನ ನಂಬರನ್ನು ನಾನು 'ತೊಂಬತ್ತು ದಿನ' ಎಂದು ಸೇವ್ ಮಾಡಿಕೊಂಡಿದ್ದೆ. ನಾಲ್ಕು ತಲೆಗಳೂ ಬಗ್ಗಿ ಅದನ್ನೇ ಓದಿದವು. ಭಾನುವಾರ ರಾತ್ರಿ ಒಂಬತ್ತೂವರೆ. ಸುಮ್ನೆ ಕ್ಷೇಮ ಕೇಳಲು ಯಾರೂ ರಿಕ್ರೂಟರ್‌ಗೆ ಫೋನ್ ಮಾಡುವ ಹೊತ್ತಲ್ಲ.

ಕೋಡು ನನ್ನ ಕೈ ಹಿಡಿದುಕೊಂಡ. "ಎತ್ತಬೇಡ ಕಣೋ. ನನ್ನ ಮಾತು ಕೇಳು. ನಾನು ಯಾವತ್ತಾದರೂ ಎತ್ತಿದ್ದೀನಾ?"