ಲೈವ್‌ಗೂ ಹಳೆ ರೆಕಾರ್ಡಿಂಗ್‌ಗೂ ಒಂದೇ ಸರ್ವರ್, 30 ಜನ ದಾಟಿದರೆ ನಿಂತು ನಿಂತು ಬರುತ್ತಿದೆ

ರಾತ್ರಿಪಾಳಿ:
ಚಿಕ್ಕದೊಂದು ಲಿನಕ್ಸ್ ಸರ್ವರ್ ಬಾಡಿಗೆಗೆ ತಗೊಂಡಿದ್ದೇನೆ, 2 ಕೋರ್, 100 ಎಂಬಿಪಿಎಸ್ ಲೈನ್. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್‌ಗೆ ಲೈವ್ ವಿಡಿಯೋ ತಗೊಳ್ಳುವ ಆರ್‌ಟಿಎಂಪಿ ಮಾಡ್ಯೂಲ್ ಸೇರಿಸಿ, ಒಬಿಎಸ್ ಅನ್ನೋ ಪ್ರಸಾರದ ಸಾಫ್ಟ್‌ವೇರ್‌ನಿಂದ 1935ನೇ ಪೋರ್ಟಿಗೆ ಕಳಿಸುತ್ತೇನೆ, ಅಲ್ಲಿಂದ ಎಚ್‌ಎಲ್‌ಎಸ್ (ಚಿಕ್ಕ ಚಿಕ್ಕ ತುಂಡು ಫೈಲ್‌ಗಳು) ಆಗಿ ಬ್ರೌಸರ್‌ಗೆ ಹೋಗುತ್ತದೆ. ನಾನೊಬ್ಬನೇ ನೋಡುವಾಗ ಎಲ್ಲ ಸರಿ. 30 ಜನ ದಾಟಿದರೆ ಚಿತ್ರ ನಿಂತು ನಿಂತು ಬರುತ್ತದೆ, ಸಿಪಿಯು ನೋಡಿದರೆ 5 ಪರ್ಸೆಂಟ್ ಕೂಡ ಇಲ್ಲ! ಹಳೆ ರೆಕಾರ್ಡಿಂಗ್‌ಗಳದ್ದು ಬೇರೆ ಕಥೆ. ಎಂಪಿ4 ಒತ್ತಿದರೆ ಅರ್ಧ ನಿಮಿಷ ಸುಮ್ನೆ ಕಪ್ಪು ಪರದೆ. ಜಾಸ್ತಿ ಕೋರ್ ಇರುವುದನ್ನು ತಗೊಳ್ಳಬೇಕಾ?

ಹಳೇಮೋಡೆಮ್:
ಕೋರ್ ಬೇಡ, ದುಡ್ಡು ದಂಡ. ಒಬಿಎಸ್ ಕೊಟ್ಟದ್ದನ್ನು ನಿಮ್ಮ ಸರ್ವರ್ ತುಂಡು ಮಾಡಿ ಹಂಚುತ್ತಿದೆ ಅಷ್ಟೇ, ಎನ್‌ಕೋಡ್ (ವಿಡಿಯೋ ಕುಗ್ಗಿಸುವ ಕೆಲಸ) ಮಾಡುತ್ತಿಲ್ಲ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾ, ಎಷ್ಟಿಟ್ಟಿದ್ದೀರಿ?

ರಾತ್ರಿಪಾಳಿ:
3000 ಕೆಬಿಪಿಎಸ್.

ಹಳೇಮೋಡೆಮ್:
ಅಲ್ಲೇ ಇದೆ ನೋಡಿ. ತಲೆಗೆ 3 ಎಂಬಿಪಿಎಸ್ ಅಂದರೆ 30 ಜನಕ್ಕೆ 90. ಅದರ ಮೇಲೆ ಆಡಿಯೋ ಬೇರೆ, ಅದೇ ಹೊತ್ತಿಗೆ ಯಾರಾದರೂ ಹಳೆ ರೆಕಾರ್ಡಿಂಗ್ ಎಳೆಯಲು ಶುರು ಮಾಡಿದರೆ ಲೈನ್ ಭರ್ತಿ. ಒಬ್ಬರು ಒಂದು ಗಂಟೆ ನೋಡಿದರೆ 1.35 ಜಿಬಿ ಹೋಗುತ್ತದೆ, ತಿಂಗಳ ಡೇಟಾ ಮಿತಿ ಇದ್ದರೆ ಅದನ್ನೂ ಲೆಕ್ಕ ಹಾಕಿ. ಸದ್ಯಕ್ಕೆ 720ಪಿ ಇಟ್ಟು 1500ಕ್ಕೆ ಇಳಿಸಿ. ಮುಂದೆ ಜನ ಹೆಚ್ಚಾದರೆ ಸಿಡಿಎನ್, ಅಂದರೆ ನಿಮ್ಮ ಫೈಲ್‌ಗಳ ನಕಲಿಟ್ಟುಕೊಂಡು ಹಂಚುವ ಬೇರೆ ಸರ್ವರ್‌ಗಳ ಜಾಲ. ಹಾಕಿದಾಗ ಎಂ3ಯು8 ಪಟ್ಟಿ (ಈಗ ಯಾವ ತುಂಡುಗಳಿವೆ ಅನ್ನೋದು) ಮಾತ್ರ ಅಲ್ಲಿ ಕ್ಯಾಶ್ ಆಗದ, ಅಂದರೆ ಹಳೆ ನಕಲು ಉಳಿಯದ ಹಾಗೆ ನೋಡಿಕೊಳ್ಳಿ. ನಾನೊಮ್ಮೆ ಅದನ್ನು ಮರೆತು, ಹತ್ತು ನಿಮಿಷದ ಹಿಂದಿನ ಪಟ್ಟಿಯನ್ನೇ ಎಲ್ಲರಿಗೂ ಹಂಚಿದ್ದೆ, ಅದರಲ್ಲಿದ್ದ ತುಂಡುಗಳೆಲ್ಲ ಅಷ್ಟರಲ್ಲಿ ಅಳಿಸಿ ಹೋಗಿ ಎಲ್ಲರಿಗೂ 404 (ಫೈಲ್ ಸಿಗಲಿಲ್ಲ ಅನ್ನೋ ಎರರ್). ನನ್ನ ಪರದೆಯಲ್ಲಿ ಮಾತ್ರ ಚೆನ್ನಾಗಿ ಓಡುತ್ತಿತ್ತು, ಯಾಕೆಂದರೆ ನಾನು ನೇರ ಸರ್ವರ್‌ನಿಂದ ನೋಡುತ್ತಿದ್ದೆ!

ಬರೀಟರ್ಮಿನಲ್:
ಎಂಪಿ4 ವಿಷಯ. ಯಾವ ಫ್ರೇಮ್ ಎಲ್ಲಿದೆ ಅನ್ನೋ ಪಟ್ಟಿ ಮೂವ್ ಅನ್ನೋ ಭಾಗದಲ್ಲಿರುತ್ತದೆ, ರೆಕಾರ್ಡಿಂಗ್ ಮುಗಿದ ಮೇಲೆ ಬರೆಯುವುದರಿಂದ ಅದು ಫೈಲಿನ ಬಾಲಕ್ಕೆ ಹೋಗಿ ಕೂರುತ್ತದೆ. ಅದು ಸಿಗುವ ತನಕ ಪ್ಲೇಯರ್ ಏನೂ ತೋರಿಸಲಾರದು. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಟೂಲ್‌ನಲ್ಲಿ ಕೋಡೆಕ್ ಕಾಪಿ (ಮತ್ತೆ ಎನ್‌ಕೋಡ್ ಮಾಡದೆ ನಕಲು) ಇಟ್ಟು, ಮೂವ್‌ಫ್ಲ್ಯಾಗ್ಸ್‌ಗೆ ಫಾಸ್ಟ್‌ಸ್ಟಾರ್ಟ್ ಕೊಡಿ. ಪಟ್ಟಿ ಮುಂದಕ್ಕೆ ಬರುತ್ತದೆ, ಕ್ವಾಲಿಟಿ ಕೆಡುವುದಿಲ್ಲ.

ಇನ್ನೊಂದು, ಒಬಿಎಸ್‌ನಲ್ಲಿ ಕೀಫ್ರೇಮ್ (ಪೂರ್ತಿ ಚಿತ್ರವಿರುವ ಫ್ರೇಮ್) ಅಂತರ 0 ಅಂತ ಬಿಟ್ಟಿದ್ದೀರಾ? ಹಾಗಿದ್ದರೆ ಎಕ್ಸ್264 ಎನ್‌ಕೋಡರ್ ತಾನಾಗಿ 250 ಫ್ರೇಮ್ ತನಕ ಎಳೆಯಬಹುದು, 30 ಎಫ್‌ಪಿಎಸ್‌ನಲ್ಲಿ ಅದು 8 ಸೆಕೆಂಡ್ ಚಿಲ್ಲರೆ. ತುಂಡು ಮಾಡುವುದು ಕೀಫ್ರೇಮ್ ಬಂದಾಗ ಮಾತ್ರ, ನೀವು ತುಂಡಿಗೆ 4 ಸೆಕೆಂಡ್ ಅಂತ ಬರೆದರೂ ಅದು ಕೇಳುವುದಿಲ್ಲ. ಕೀಫ್ರೇಮ್‌ಗೆ 2 ಸೆಕೆಂಡ್ ಅಂತ ಹಾಕಿ. 1935ರಲ್ಲಿ ಯಾರು ಬೇಕಾದರೂ ಸ್ಟ್ರೀಮ್ ತಳ್ಳುವ ಹಾಗೆ ಬಿಟ್ಟಿಲ್ಲ ಅಲ್ವಾ?

ರಾತ್ರಿಪಾಳಿ:
ಬಿಟ್ಟಿದ್ದೆ 😅 ಈಗ ಮುಚ್ಚಿದೆ, ನನ್ನ ಐಪಿಗೆ ಮಾತ್ರ. 1500ಕ್ಕೆ ಇಳಿಸಿದ ಮೇಲೆ ನಿನ್ನೆ 44 ಜನ ನೋಡಿದರು, ಒಮ್ಮೆಯೂ ನಿಲ್ಲಲಿಲ್ಲ. ರೆಕಾರ್ಡಿಂಗ್ ಒತ್ತಿದ ತಕ್ಷಣ ಶುರುವಾಗುತ್ತಿದೆ. ಆದರೆ ಚಾಟ್‌ನಲ್ಲಿ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಅವರಿಗೆ 12 ಸೆಕೆಂಡ್ ತಡವಾಗಿ ಸಿಗುತ್ತದಂತೆ.

ಬರೀಟರ್ಮಿನಲ್:
4 ಸೆಕೆಂಡಿನ ಮೂರು ತುಂಡು ಕೈಯಲ್ಲಿಟ್ಟುಕೊಂಡೇ ಪ್ಲೇಯರ್ ಶುರು ಮಾಡುತ್ತದೆ, ಅದೇ 12. ತುಂಡನ್ನು 2 ಸೆಕೆಂಡಿಗೆ ಇಳಿಸಿ ನೋಡಿ. ಒಂದು ಸೆಕೆಂಡಿಗಿಂತ ಕಡಿಮೆ ಬೇಕೆಂದರೆ ವೆಬ್‌ಆರ್‌ಟಿಸಿ ಅನ್ನೋ ಬೇರೆ ವಿಧಾನ, ಅದಕ್ಕೆ ಬೇರೆ ಥ್ರೆಡ್ ತೆಗೆಯಿರಿ.