ಓಟಿಪಿ ಬರಲೇ ಇಲ್ಲ, ದುಡ್ಡು ಹೋಯಿತು: ನಮ್ಮ ಮನೆ ಗುಂಪಿನ ಭಾನುವಾರದ ಜಗಳ

ಎರಡನೇ ಶನಿವಾರದ ಮರುದಿನ ಸಂಜೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಚಿಕ್ಕಮ್ಮನನ್ನು ಕೇಳಿಯೇ ಹಾಕುತ್ತಿದ್ದೇನೆ. ಹೆಸರು ತೆಗೆದಿದ್ದೇನೆ, ನನ್ನ ಫೋನಿನಲ್ಲಿ ಇರುವ ಹಾಗೆ ಸಂಬಂಧ ಮಾತ್ರ ಉಳಿಸಿದ್ದೇನೆ.

ದೊಡ್ಡಪ್ಪ: (ಫಾರ್ವರ್ಡ್) ಎಲ್ಲರೂ ತಪ್ಪದೆ ಓದಿ!! ಓಟಿಪಿ ಇಲ್ಲದೆ ಕ್ರೆಡಿಟ್ ಕಾರ್ಡ್‌ನಿಂದ ಒಂದು ರೂಪಾಯಿ ಹೋಗಲೂ ಸಾಧ್ಯವಿಲ್ಲ. ಹೋಗಿದೆ ಎಂದರೆ ನೀವೇ ಯಾರಿಗೋ ಹೇಳಿದ್ದೀರಿ. ಬ್ಯಾಂಕಿಗೆ ದೂರು ಕೊಟ್ಟರೆ ಸಿಬಿಲ್ ಸ್ಕೋರ್ (ಸಾಲ ಕೊಡುವ ಮೊದಲು ಬ್ಯಾಂಕ್ ನೋಡುವ ಅಂಕ) ಬೀಳುತ್ತದೆ. ಬಿಲ್ ಕಟ್ಟಿ, ಕಾರ್ಡ್ ಕತ್ತರಿಸಿ ಹಾಕಿ. 10 ಜನರಿಗೆ ಕಳಿಸಿ.

ಅತ್ತೆ: 🙏 ಒಳ್ಳೆಯ ಮಾಹಿತಿ

ನಾನು: ದೊಡ್ಡಪ್ಪ, ದಯವಿಟ್ಟು ಇದನ್ನು ತೆಗೆಯಿರಿ. ಒಂದು ಸಾಲೂ ಸರಿ ಇಲ್ಲ.

ದೊಡ್ಡಪ್ಪ: ಪುಟ್ಟಿ, ನಾನು 34 ವರ್ಷ ಬ್ಯಾಂಕಿನಲ್ಲಿ ಕೂತವನು. ಓಟಿಪಿ ಇಲ್ಲದೆ ಹೇಗಮ್ಮ ಹೋಗುತ್ತದೆ?

ನಾನು: ಹೋಗುತ್ತದೆ ದೊಡ್ಡಪ್ಪ, ನನಗೇ ಹೋಗಿದೆ. ನೀವು ಹೇಳುವ ನಿಯಮ 2009ರ ಆಗಸ್ಟ್‌ನಲ್ಲಿ ಬಂದದ್ದು, ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಿದರೆ ಎರಡನೇ ಹಂತದ ಪರಿಶೀಲನೆ ಬೇಕು ಅಂತ. ಆದರೆ ಅದು ನಮ್ಮ ದೇಶದ ಅಂಗಡಿಗಳಿಗೆ. ಹೊರದೇಶದ ಎಷ್ಟೋ ವೆಬ್‌ಸೈಟ್‌ಗಳು ಓಟಿಪಿ ಕೇಳುವುದೇ ಇಲ್ಲ. ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಕಾರ್ಡಿನ ಹಿಂಬದಿಯ ಮೂರು ಅಂಕಿ ಸಿಕ್ಕಿದರೆ ಸಾಕು. ನಾವು ಎಂದೋ ಏನೋ ಕೊಂಡ ವೆಬ್‌ಸೈಟಿನಿಂದ ಅದು ಸೋರಿದ್ದರೆ ನಾವು ಯಾರಿಗೂ ಏನೂ ಹೇಳಬೇಕಾಗಿಲ್ಲ.

ನನ್ನದು ಹೀಗಾಯಿತು. ಬೆಳಗಿನ ಜಾವ ಮೊದಲು 86 ರೂಪಾಯಿ ಹೋಗಿದೆ. ಕಾರ್ಡ್ ಕೆಲಸ ಮಾಡುತ್ತದಾ ಅಂತ ಕಳ್ಳ ನೋಡಿದ್ದು. ನಾಲ್ಕು ನಿಮಿಷ ಬಿಟ್ಟು 41,250. ನಾನು ಮಲಗಿದ್ದೆ. ಎದ್ದು ಹಲ್ಲುಜ್ಜುತ್ತಾ ಫೋನ್ ನೋಡಿದರೆ ಎರಡು ಮೆಸೇಜ್, ಕೈಕಾಲು ತಣ್ಣಗಾಯಿತು.

ಅಣ್ಣ: ಒಪ್ಪಿದೆ. ಆದರೆ ದೂರು ಕೊಟ್ಟರೆ ದುಡ್ಡು ಬರುತ್ತದೆ ಅಂತ ಎಲ್ಲರಿಗೂ ಆಸೆ ಹುಟ್ಟಿಸಬೇಡ. ನಮ್ಮ ಆಫೀಸಿನಲ್ಲಿ ಒಬ್ಬರು ರಿವಾರ್ಡ್ ಪಾಯಿಂಟ್ ಅಂತ ಬಂದ ಕರೆಗೆ ಓಟಿಪಿ ಹೇಳಿ 60 ಸಾವಿರ ಕಳಕೊಂಡರು. ಒಂದು ಪೈಸೆಯೂ ಬರಲಿಲ್ಲ.

ನಾನು: ಅದು ಬೇರೆ, ಇದು ಬೇರೆ. ರಿಸರ್ವ್ ಬ್ಯಾಂಕಿನ ಸುತ್ತೋಲೆ ಇದೆ, 2017ರ ಜುಲೈ 6ರದ್ದು. ಓಟಿಪಿ, ಪಿನ್ ನಾವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅಂದರೆ ಮೋಸ ಹೋದವರೂ ತಕ್ಷಣ ಫೋನ್ ಮಾಡಲೇಬೇಕು ಅಲ್ವಾ? ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮಧ್ಯೆ ಎಲ್ಲೋ ಸೋರಿದೆ ಅಂದರೆ, ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನ ಆದರೆ, 5 ಲಕ್ಷದವರೆಗೆ ಲಿಮಿಟ್ ಇರುವ ಕಾರ್ಡ್‌ಗೆ ಹೆಚ್ಚೆಂದರೆ 10,000 ನಮ್ಮ ತಲೆ ಮೇಲೆ. ಏಳು ದಾಟಿದರೆ ಆಯಾ ಬ್ಯಾಂಕಿನ ನೀತಿಯ ಕೈಯಲ್ಲಿ. ಅದಕ್ಕೇ ದೊಡ್ಡಪ್ಪ, ನನಗೆ ಈ ಫಾರ್ವರ್ಡ್ ನೋಡಿ ಸಿಟ್ಟು ಬಂದದ್ದು. ಇದನ್ನು ಓದಿದವರು ಮಾಡುವುದು ಒಂದೇ, ನಾಚಿಕೆಯಿಂದ ಸುಮ್ನೆ ಕೂರುವುದು. ಆ ಮೂರು ದಿನ ಹಾಗೇ ಜಾರಿಹೋಗುತ್ತದೆ.

ದೊಡ್ಡಪ್ಪ: ಓಟಿಪಿ ಹೇಳಿಲ್ಲ ಅಂತ ಗ್ರಾಹಕ ಹೇಳಿದ. ಬ್ಯಾಂಕ್ ಯಾಕೆ ನಂಬಬೇಕು? ನಮ್ಮ ಕಾಲದಲ್ಲಿ ಸುಳ್ಳು ಹೇಳಿದವರನ್ನೂ ನೋಡಿದ್ದೇನೆ.

ನಾನು: ನಂಬುವುದು ಬೇಡ, ತೋರಿಸಲಿ. ಗ್ರಾಹಕನದೇ ತಪ್ಪು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಅಂತ ಅದೇ ಸುತ್ತೋಲೆಯಲ್ಲಿದೆ. ನನ್ನ ಬ್ಯಾಂಕ್ ಕೂಡ ಮೊದಲು ‘ಸರಿಯಾದ ಕಾರ್ಡ್ ವಿವರ ಬಳಸಿ ಆಗಿರುವ ಯಶಸ್ವಿ ವ್ಯವಹಾರ’ ಅಂತ ಎರಡು ಸಾಲು ಬರೆದು ದೂರು ಮುಚ್ಚಿತ್ತು. ಕಳ್ಳನ ಹತ್ತಿರ ವಿವರ ಸರಿಯಾಗಿಯೇ ಇತ್ತು, ನನ್ನ ದೂರೇ ಅದು! ಕುಂದುಕೊರತೆ ಅಧಿಕಾರಿಗೆ ಬರೆದೆ. ಸುತ್ತೋಲೆಯ ತಾರೀಖು ಹಾಕಿದೆ, ನಾನು ಫೋನ್ ಮಾಡಿದ ಹೊತ್ತು ಹಾಕಿದೆ, ಓಟಿಪಿ ಬಂದದ್ದಕ್ಕೆ ದಾಖಲೆ ಇದ್ದರೆ ಕೊಡಿ ಅಂತ ಕೇಳಿದೆ. ಆಮೇಲೆ ಮತ್ತೆ ತೆರೆದರು, ದುಡ್ಡೂ ಬಂತು. ತಿಳಿಸಿದ 10 ಕೆಲಸದ ದಿನಗಳೊಳಗೆ ಅಷ್ಟನ್ನು ತಾತ್ಕಾಲಿಕವಾಗಿ ಖಾತೆಗೆ ವಾಪಸ್ ಹಾಕಬೇಕು, 90 ದಿನದೊಳಗೆ ದೂರು ಮುಗಿಸಬೇಕು. ಇದು ಬೇಡಿ ಪಡೆಯುವಂಥದ್ದಲ್ಲ.

ಅತ್ತೆ: ಸಿಬಿಲ್ ಬೀಳುತ್ತದೆ ಅನ್ನುವುದೂ ಸುಳ್ಳಾ?

ನಾನು: ದೂರು ಕೊಟ್ಟದ್ದಕ್ಕೆ ಬೀಳುವುದಿಲ್ಲ ಅತ್ತೆ. ವಂಚನೆ ಅಂತ ದೂರು ಕೊಟ್ಟ ಮೊತ್ತದ ಮೇಲೆ ಅದು ಇತ್ಯರ್ಥ ಆಗುವವರೆಗೆ ಯಾವ ಶುಲ್ಕವೂ ಹಾಕಬಾರದು ಅಂತ ರಿಸರ್ವ್ ಬ್ಯಾಂಕಿನ 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನದಲ್ಲಿದೆ. ಆದರೆ ಸಿಟ್ಟಿಗೆ ಇಡೀ ಬಿಲ್ ಕಟ್ಟದೆ ಕೂರಬಾರದು. ದಿನಸಿ, ಪೆಟ್ರೋಲು ನಾವೇ ಮಾಡಿದ್ದು, ಅದನ್ನು ಕಟ್ಟಬೇಕು. ತಕರಾರಿನ ಮೊತ್ತ ಬಿಟ್ಟು ಉಳಿದದ್ದು ಕಟ್ಟುತ್ತಿದ್ದೇನೆ ಅಂತ ಈಮೇಲ್‌ನಲ್ಲಿ ಬರೆದು ಇಡಬೇಕು.

ಚಿಕ್ಕಮ್ಮ: ಪುಟ್ಟಿ

ಚಿಕ್ಕಮ್ಮ: ನನಗೆ ಗುರುವಾರ ರಾತ್ರಿ ಹಾಗೇ ಒಂದು ಮೆಸೇಜ್ ಬಂದಿದೆ. 23,716 ರೂಪಾಯಿ. ಯಾವ ಕರೆಯೂ ಬಂದಿಲ್ಲ, ಯಾವ ಲಿಂಕೂ ಒತ್ತಿಲ್ಲ. ಇವರಿಗೆ ಇನ್ನೂ ಹೇಳಿಲ್ಲ. ಭಾವ ಹಾಕಿದ್ದು ಓದಿದ ಮೇಲೆ ನನ್ನದೇ ಏನೋ ತಪ್ಪು, ಟ್ಯೂಷನ್ ದುಡ್ಡಿನಲ್ಲಿ ಕಟ್ಟಿಬಿಡೋಣ ಅಂದುಕೊಂಡೆ.

ಅತ್ತೆ: ಅಯ್ಯೋ

ನಾನು: ಚಿಕ್ಕಮ್ಮ, ಏನೂ ಕಟ್ಟಬೇಡಿ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. ಶುಕ್ರವಾರ ಒಂದು. ನಿನ್ನೆ ಎರಡನೇ ಶನಿವಾರ, ಬ್ರಾಂಚ್ ರಜೆ. ಇವತ್ತು ಭಾನುವಾರ. ನಿಮಗೆ ಹೋಗಿರುವುದು ಒಂದೇ ದಿನ. ಆದರೂ ನಾಳೆ ಅನ್ನಬೇಡಿ. ಕಾರ್ಡ್ ಇನ್ನೂ ತೆರೆದೇ ಇದೆ, ಕಳ್ಳ ಈಗಲೂ ದುಡ್ಡು ಎಳೆಯಬಹುದು. ಬ್ಲಾಕ್ ಮಾಡಲು 24 ಗಂಟೆಯೂ ಫೋನ್ ಇರುತ್ತದೆ.

ಚಿಕ್ಕಮ್ಮ: (ಫೋಟೋ) ಇದೇ ಕಾರ್ಡ್

ನಾನು: ಚಿಕ್ಕಮ್ಮ ಫೋಟೋ ತೆಗೆಯಿರಿ!! ಒತ್ತಿ ಹಿಡಿದು ಡಿಲೀಟ್, ಎಲ್ಲರಿಗೂ ಅಂತ ಇರುವುದನ್ನು ಒತ್ತಿ. ಯಾರೂ ಡೌನ್‌ಲೋಡ್ ಮಾಡಬೇಡಿ, ಆಗಿದ್ದರೆ ಗ್ಯಾಲರಿಯಿಂದಲೂ ಅಳಿಸಿ.

ಚಿಕ್ಕಮ್ಮ: ತೆಗೆದೆ. ಕೈ ನಡುಗುತ್ತಿದೆ. ಕಾರ್ಡಿನ ಹಿಂಬದಿಯ ಫೋನ್ ನಂಬರ್ ಅಳಿಸಿಹೋಗಿದೆ, ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಅಂತ ಹಾಕಿದೆ, ಒಂದು ಮೊಬೈಲ್ ನಂಬರ್ ಬಂತು. ಮಾಡಲಾ?

ಅಣ್ಣ: ಬೇಡ ಚಿಕ್ಕಮ್ಮ! ಅಲ್ಲಿ ಕಳ್ಳರೇ ನಂಬರ್ ಹಾಕಿರುತ್ತಾರೆ. ಪ್ರತಿ ತಿಂಗಳು ಬರುವ ಸ್ಟೇಟ್‌ಮೆಂಟ್ ತೆಗೆಯಿರಿ, ಅದರಲ್ಲಿ ಇರುತ್ತದೆ.

ನಾನು: ಬ್ಯಾಂಕಿನ ಆ್ಯಪ್ ಇದ್ದರೆ ಅದರಿಂದಲೇ ಬ್ಲಾಕ್ ಮಾಡಿ, ಆಮೇಲೆ ಫೋನ್. ಮೂರು ಮಾತು ಹೇಳಿ ಸಾಕು. ಈ ವ್ಯವಹಾರ ನಾನು ಮಾಡಿಲ್ಲ. ಓಟಿಪಿ ಬಂದಿಲ್ಲ. ಕಾರ್ಡ್ ನನ್ನ ಕೈಯಲ್ಲೇ ಇದೆ. ದೂರಿನ ನಂಬರ್ ಕೊಡುವವರೆಗೆ ಇಡಬೇಡಿ. ಅವರು ಓಟಿಪಿ, ಪಿನ್, ಹಿಂದಿನ ಮೂರು ಅಂಕಿ ಕೇಳಿದರೆ ಮಾತ್ರ ತಕ್ಷಣ ಇಟ್ಟುಬಿಡಿ.

ದೊಡ್ಡಪ್ಪ: ಅಂತಾರಾಷ್ಟ್ರೀಯ ಬಳಕೆ ಆಫ್ ಇದ್ದರೆ ಇದು ಆಗುತ್ತಲೇ ಇರಲಿಲ್ಲ ಅಲ್ವಾ?

ನಾನು: ಹೌದು ದೊಡ್ಡಪ್ಪ, ಅದು ನಿಜ. 2020ರಿಂದ ಹೊಸ ಕಾರ್ಡ್‌ಗಳು ಅದು ಆಫ್ ಆಗಿಯೇ ಬರುತ್ತವೆ. ಬೇಕಾದಾಗ ನಾವೇ ಆನ್ ಮಾಡಬೇಕು. ಮಾಡಿದವರು ಮತ್ತೆ ಆಫ್ ಮಾಡುವುದನ್ನು ಮರೆಯುತ್ತೇವೆ.

ಚಿಕ್ಕಮ್ಮ: ಹೌದು. ಮಗಳ ಅರ್ಜಿ ಫೀಸ್ ಜರ್ಮನಿಗೆ ಕಟ್ಟಲು ಆನ್ ಮಾಡಿದ್ದು. ಹಾಗೇ ಉಳಿಯಿತು.

ಅಣ್ಣ: ಮೆಸೇಜ್ ನೋಡಿಯೂ ಎರಡು ದಿನ ಉತ್ತರಿಸಲಿಲ್ಲ ಅಂತ ಬ್ಯಾಂಕ್ ಕ್ಯಾತೆ ತೆಗೆದರೆ?

ನಾನು: ಗಡುವಿನೊಳಗೆ ಇದ್ದಾರೆ. ಅದೂ ಅಲ್ಲದೆ, ಎಸ್ಸೆಮ್ಮೆಸ್‌ಗೆ ಉತ್ತರಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಬ್ಯಾಂಕ್ ಕೈ ತೊಳೆದುಕೊಳ್ಳಲು ಆಗದು ಅಂತ ಕೇರಳ ಹೈಕೋರ್ಟ್ 2019ರಲ್ಲೇ ಹೇಳಿದೆ. 30 ದಿನ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಅದಕ್ಕೆ ದುಡ್ಡೂ ಬೇಡ, ವಕೀಲರೂ ಬೇಡ.

ಚಿಕ್ಕಮ್ಮ: ಬ್ಲಾಕ್ ಆಯಿತು. ದೂರಿನ ನಂಬರ್ ಕೊಟ್ಟರು, ಕ್ಯಾಲೆಂಡರ್ ಮೇಲೆ ಬರೆದಿದ್ದೇನೆ. 7 ಗಂಟೆ 52 ನಿಮಿಷ. ಡಿಸ್ಪ್ಯೂಟ್ ಫಾರಂ ಈಮೇಲ್‌ಗೆ ಕಳಿಸುತ್ತಾರಂತೆ, ಸಹಿ ಮಾಡಿ ವಾಪಸ್ ಕಳಿಸಬೇಕಂತೆ.

ನಾನು: ಇವತ್ತೇ ಕಳಿಸೋಣ ಚಿಕ್ಕಮ್ಮ. ಫಾರಂ ಹೋಗದೆ ಎಷ್ಟೋ ದೂರುಗಳು ಅಲ್ಲೇ ನಿಲ್ಲುತ್ತವೆ. ಈಗ 1930ಕ್ಕೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ದೊಡ್ಡಪ್ಪ: ಪುಟ್ಟಿ, ಆ ಸುತ್ತೋಲೆ ನನಗೆ ಕಳಿಸು. ಪೂರ್ತಿ ಓದಬೇಕು. ನಾನು ನಿವೃತ್ತನಾದ ಮೇಲೆ ಬಂದದ್ದು, ನೋಡಿರಲಿಲ್ಲ. ಫಾರ್ವರ್ಡ್ ತೆಗೆದಿದ್ದೇನೆ. ಅದು ಬಂದ ಗುಂಪಿನಲ್ಲೂ ಸರಿಯಾದದ್ದನ್ನು ಬರೆಯುತ್ತೇನೆ.

ದೊಡ್ಡಪ್ಪ: ಚಿಕ್ಕಮ್ಮನಿಗೆ ಹೇಳು, ನಾಳೆ ಹತ್ತು ಗಂಟೆಗೆ ಸಾಗರದ ಬ್ರಾಂಚಿಗೆ ನಾನೂ ಬರುತ್ತೇನೆ. ಅರ್ಜಿ ಕೊಟ್ಟು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳೋಣ. ಸೀಲ್ ಇಲ್ಲದ ಕಾಗದಕ್ಕೆ ಬೆಲೆ ಇಲ್ಲ.

ಚಿಕ್ಕಮ್ಮ: ಓದಿದೆ ಭಾವ. ಬನ್ನಿ. ಇವರಿಗೂ ಈಗಲೇ ಹೇಳುತ್ತೇನೆ.

ಚಿಕ್ಕಮ್ಮ: 1930 ಸಿಗುತ್ತಿಲ್ಲ ಪುಟ್ಟಿ, ಬ್ಯುಸಿ ಬರುತ್ತಿದೆ.

ನಾನು: ಬಿಡದೆ ಮಾಡುತ್ತಿರಿ. ಅಷ್ಟರಲ್ಲಿ ನಾನು ಸೈಬರ್ ಕ್ರೈಮ್ ಪೋರ್ಟಲ್ ತೆರೆಯುತ್ತೇನೆ, ನಿಮಗೆ ಫೋನ್ ಮಾಡಿ ಕೇಳಿಕೊಂಡು ತುಂಬಿಸೋಣ. ಗುರುವಾರದ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿ. ಗುಂಪಿಗೆ ಬೇಡ, ನನಗೆ ಮಾತ್ರ.